ಲಂಡನ್ನಿನ ಗಾಯನಕ್ಕೆ ಮೈಸೂರಿನ ಜಾಮೀನು

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಸಂಗೀತ ಕಛೇರಿಯೊಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಜರ್ಮನಿಯ ಹಿರಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ಇಳಿವಯಸ್ಸಿನಲ್ಲಿ ರಚಿಸಿದ ನಾಲ್ಕು ಹಾಡುಗಳು ಅಂದು ಮೊತ್ತಮೊದಲ ಬಾರಿಗೆ ಸಭಿಕರ ಮುಂದೆ ಬಂದವು. ಅವುಗಳನ್ನು ಕೇಳಲು ಸ್ಟ್ರೌಸ್ ಬದುಕಿರಲಿಲ್ಲ. 1949ರ ಸೆಪ್ಟೆಂಬರ್ 8ರಂದೇ ಅವರು ತೀರಿಕೊಂಡಿದ್ದರು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್; ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಿರ್ದೇಶಿಸಿದವರು ವಿಲ್ಹೆಲ್ಮ್ ಫರ್ಟ್‌ವ್ಯಾಂಗ್ಲರ್. ಈ ಕಛೇರಿಗೆ 4,800 ಡಾಲರುಗಳ ಜಾಮೀನು ನಿಂತವರು ಮಾತ್ರ ಯುರೋಪಿನವರಲ್ಲ. ಅವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್.

ಒಡೆಯರ್ ಅವರು ಅಂದು ಆ ಸಭಾಂಗಣದಲ್ಲಿ ಇರಲಿಲ್ಲ. ಅವರ ಅಪೇಕ್ಷೆ ಒಂದೇ ಆಗಿತ್ತು: ಕಛೇರಿ ನಡೆಯುತ್ತಿರುವಾಗಲೇ ಆ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಮೈಸೂರಿಗೆ ಕಳುಹಿಸಿಕೊಡಬೇಕು. ಅದರಂತೆ ಮುದ್ರಣವೂ ಆಯಿತು. ಆ ಸಂಜೆ ಆಲ್ಬರ್ಟ್ ಹಾಲ್‌ನಲ್ಲಿದ್ದ ಸಭಿಕರ ಪೀಳಿಗೆ ಬಹುಮಟ್ಟಿಗೆ ಮರೆಯಾಗಿದೆ. ಆದರೆ ಫ್ಲಾಗ್‌ಸ್ಟಾಡ್ ಅವರ ಕಂಠ ಇಂದಿಗೂ ಕೇಳಸಿಗುತ್ತದೆ. ಅದಕ್ಕೆ ಕಾರಣ, ಸಾವಿರಾರು ಮೈಲಿ ದೂರದ ಒಬ್ಬ ಶ್ರೋತೃ ತನಗೊಂದು ಪ್ರತಿ ಬೇಕೆಂದು ಕೇಳಿದ್ದು.

ಜಯಚಾಮರಾಜೇಂದ್ರ ಒಡೆಯರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಮೂಡುವುದು ಅಂಬಾರಿಯಲ್ಲಿ ಕುಳಿತ ಮೈಸೂರಿನ ಕೊನೆಯ ಮಹಾರಾಜರ ಚಿತ್ರ. ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಸಂಗೀತಪ್ರಿಯರು ನೆನೆಯುತ್ತಾರೆ. ಇವೆರಡರ ನಡುವೆ ಇನ್ನೊಬ್ಬ ಒಡೆಯರ್ ಇದ್ದರು. ಕಲೆಗೆ ಹಣ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಒಂದು ಉತ್ತರವಿದೆ. ಸರ್ಕಾರಗಳೇ ಕಲೆಯ ದೊಡ್ಡ ಪೋಷಕರಾಗಿರುವ ಈ ಕಾಲದಲ್ಲಿ ಆ ಉತ್ತರವನ್ನು ಗಮನಿಸುವುದು ಉಪಯುಕ್ತ.

ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪುಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿಗೆ ಎಷ್ಟು ಗೌರವವಿತ್ತೋ ಪಾಶ್ಚಾತ್ಯ ವಾದ್ಯವೃಂದಕ್ಕೂ ಅಷ್ಟೇ ಗೌರವವಿತ್ತು. ಬಾಲಕ ಜಯಚಾಮರಾಜ ಮೊದಲು ಒಲಿದದ್ದು ಪಿಯಾನೋಗೆ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದಕಗಳೊಡನೆ ಪದವಿ ಪಡೆದರು. 1939ರಲ್ಲಿ ಯುರೋಪ್ ಪ್ರವಾಸ ಮಾಡಿ ಅಲ್ಲಿನ ಕಲಾವಿದರ, ವಿದ್ವಾಂಸರ ಪರಿಚಯ ಮಾಡಿಕೊಂಡರು. ಸಭೆಗಳಲ್ಲಿ ಪಿಯಾನೋ ನುಡಿಸುವ ಕಲಾವಿದನಾಗಬೇಕೆಂಬುದು ಅವರ ಆಸೆಯಾಗಿತ್ತು.

ಆ ಆಸೆ ಈಡೇರಲಿಲ್ಲ. 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು; ಅದೇ ವರ್ಷ ಆಗಸ್ಟ್ 3ರಂದು ನಾಲ್ವಡಿಯವರು ನಿಧನರಾದರು. ಐದು ತಿಂಗಳೊಳಗೆ ಎರಡು ಸಾವುಗಳು. ಸೆಪ್ಟೆಂಬರ್ 8ರಂದು, 21ರ ಹರೆಯದಲ್ಲಿ, ಅವರು ಸಿಂಹಾಸನವೇರಿದರು. ಯುದ್ಧದ ದಿನಗಳು, ಆಹಾರದ ಅಭಾವ, ಬಲಿಯುತ್ತಿದ್ದ ರಾಷ್ಟ್ರೀಯ ಚಳವಳಿ, ಇವೆಲ್ಲ ಅವರ ಪಾಲಿಗೆ ಒಮ್ಮೆಲೇ ಬಂದವು. ಆದರೂ ಅವರು ಸಂಗೀತವನ್ನು ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು; 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೊ ಆಗಿ ಸ್ವೀಕರಿಸಿತು. ವೇದಿಕೆ ಹತ್ತುವುದು ಸಾಧ್ಯವಾಗದವರು ಉತ್ತಮ ಶ್ರೋತೃವಾದರು. ಅವರ ಖಾಸಗಿ ಸಂಗ್ರಹದಲ್ಲಿ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವೆಂಬುದು ಆ ಕಾಲದ ಅಂದಾಜು.

ಲಂಡನ್ನಿನಲ್ಲಿ ಆಗ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾ ಮೂಲದ ಸಂಗೀತ ರಚನಕಾರರು ನೆಲೆಸಿದ್ದರು. ರಹ್ಮಾನಿನೋವ್ ಅವರ ಗೆಳೆಯರಾಗಿದ್ದ ಇವರು ಕಾಲದ ಹೊಸ ರೀತಿಗಳಿಗೆ ಒಗ್ಗದವರು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನ ಯುದ್ಧದಿಂದಾಗಿ ನಿಂತಿತ್ತು; ಆರೋಗ್ಯ ಕೆಟ್ಟಿತ್ತು. ಅವರ ಕೃತಿಗಳನ್ನು ಮುದ್ರಿಸಲು ಯಾವ ಕಂಪನಿಗೂ ಲಾಭದ ಭರವಸೆಯಿರಲಿಲ್ಲ. ಅಂಥ ಸಮಯದಲ್ಲಿ ಮೈಸೂರಿನ ಮಹಾರಾಜರು, ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ, ಅವರ ಕೃತಿಗಳ ಮುದ್ರಣದ ವೆಚ್ಚವನ್ನು ವಹಿಸಿಕೊಂಡರು. ಮೂರು ಪಿಯಾನೋ ಕಂಚೆರ್ಟೋಗಳನ್ನು ಮೆಟ್ನರ್ 1947ರಲ್ಲಿ ಫಿಲ್‌ಹಾರ್ಮೋನಿಯಾದೊಡನೆ ತಾವೇ ನುಡಿಸಿ ಮುದ್ರಿಸಿದರು. 1950ರಲ್ಲಿ ಅವರ ಪಿಯಾನೋ ಸಾಥಿಯೊಡನೆ ಎಲಿಜಬೆತ್ ಶ್ವಾರ್ಜ್‌ಕಾಫ್ ಅವರ ಗೀತೆಗಳನ್ನು ಹಾಡಿದರು. 1951ರ ನವೆಂಬರ್‌ನಲ್ಲಿ ಮೆಟ್ನರ್ ತೀರಿಕೊಂಡರು. ಕೆಲವು ವರ್ಷ ತಡವಾಗಿದ್ದರೆ, ತಮ್ಮ ಕೃತಿಗಳನ್ನು ಅವರು ಹೇಗೆ ನುಡಿಸುತ್ತಿದ್ದರೆಂಬುದಕ್ಕೆ ಇಷ್ಟು ವಿಸ್ತಾರವಾದ ಸಾಕ್ಷ್ಯ ಉಳಿಯುತ್ತಿರಲಿಲ್ಲ. ಮೂರನೆಯ ಕಂಚೆರ್ಟೋವನ್ನು ಅವರು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ.

ಈ ಯೋಜನೆಯಲ್ಲಿ ಇನ್ನೊಬ್ಬ ಮುಖ್ಯ ವ್ಯಕ್ತಿ ವಾಲ್ಟರ್ ಲೆಗ್. ಇಎಂಐ ಸಂಸ್ಥೆಯಲ್ಲಿ ಧ್ವನಿಮುದ್ರಣದ ನಿರ್ಮಾಪಕರಾಗಿದ್ದ ಅವರು 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದರು. ಹೆಚ್ಚು ಮಾರಾಟವಾಗದ ಸಂಗೀತವನ್ನು ಮುದ್ರಿಸಲು ಲೆಗ್ 1931ರಷ್ಟು ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಆಸಕ್ತರನ್ನು ಒಂದು ಸೊಸೈಟಿಯಾಗಿ ಕೂಡಿಸಿ, ಮುಂಗಡ ಚಂದಾ ಪಡೆದು, ಆಮೇಲೆ ಮುದ್ರಣಕ್ಕೆ ಇಳಿಯುವುದು. ನಷ್ಟದ ಭಯವನ್ನು ನೂರಾರು ಜನ ಹಂಚಿಕೊಳ್ಳುವ ವ್ಯವಸ್ಥೆಯದು. ಮೆಟ್ನರ್ ವಿಷಯದಲ್ಲಿ ಆ ನೂರಾರು ಜನರ ಸ್ಥಾನದಲ್ಲಿ ಒಬ್ಬರೇ ನಿಂತರು.

ಮಹಾರಾಜರ ಆಹ್ವಾನದ ಮೇರೆಗೆ ಲೆಗ್ ಮೈಸೂರಿಗೂ ಬಂದರು. ಅರಮನೆಯ ಧ್ವನಿಮುದ್ರಿಕೆಗಳ ಭಂಡಾರವನ್ನೂ ಪಿಯಾನೋಗಳನ್ನೂ ಕಂಡು ಬೆರಗಾದರು. ಫಿಲ್‌ಹಾರ್ಮೋನಿಯಾ ಮತ್ತು ಅದರ ಕಛೇರಿಗಳನ್ನು ಏರ್ಪಡಿಸುವ ಸೊಸೈಟಿ ಭದ್ರವಾಗಿ ನೆಲೆಯೂರಲೆಂದು ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ಕೊಡಲು ಮಹಾರಾಜರು ಒಪ್ಪಿದರೆಂದು ಲೆಗ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಆ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರ್ ಅವರೇ. ಮುಂದೆ ಜಗತ್ಪ್ರಸಿದ್ಧರಾದ ಹರ್ಬರ್ಟ್ ಫಾನ್ ಕರಾಯನ್ ಯುದ್ಧಾನಂತರದ ಕಷ್ಟದ ದಿನಗಳಲ್ಲಿ ಇದೇ ವಾದ್ಯವೃಂದದೊಡನೆ ಕೆಲಸ ಮಾಡಿದರು. ಅವರು 1949ರಲ್ಲಿ ಮುದ್ರಿಸಿದ ಬಾಲಕಿರೆವ್ ಅವರ ಮೊದಲನೆಯ ಸಿಂಫನಿಯೂ ಮೈಸೂರಿನ ನೆರವಿನ ಫಲ.

ಹಣದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬಹುದು. ಆಗ ಒಂದು ಪೌಂಡಿಗೆ ಸುಮಾರು 13 ರೂಪಾಯಿ 5 ಆಣೆ. ಆದ್ದರಿಂದ ವರ್ಷಕ್ಕೆ 10,000 ಪೌಂಡ್ ಎಂದರೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. ಮೂರು ವರ್ಷಕ್ಕೆ 4 ಲಕ್ಷ. 1949ರ ಸೆಪ್ಟೆಂಬರ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಬಳಿಕ ಒಂದು ಡಾಲರಿಗೆ 4 ರೂಪಾಯಿ 12 ಆಣೆಯ ಆಸುಪಾಸು. ಸ್ಟ್ರೌಸ್ ಗೀತೆಗಳ ಕಛೇರಿಗೆ ನೀಡಿದ 4,800 ಡಾಲರುಗಳ ಜಾಮೀನು ಎಂದರೆ ಸುಮಾರು 23 ಸಾವಿರ ರೂಪಾಯಿ. ಸಂಸ್ಥಾನ ವಿಲೀನವಾದ ಮೇಲೆ ಒಡೆಯರ್ ಅವರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ. ಲೆಗ್ ಅವರ ಸಂಸ್ಥೆಗೆ ಒಪ್ಪಿದ ವಾರ್ಷಿಕ ನೆರವು ಅದರ ಶೇಕಡ 5ರಷ್ಟು. ಆ ಕಛೇರಿಯ ಜಾಮೀನು ಶೇಕಡ 1ಕ್ಕಿಂತಲೂ ಕಡಿಮೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. 23 ಸಾವಿರವೇ ಆಗಲಿ, ಅದು ಅಂತಿಮವಾಗಿ ರೈತನ ಬೆವರಿನ ಹಣವಲ್ಲವೇ? ನಾನು ನೆಲೆಸಿರುವ ತೊಂಡೇಬಾವಿ ಗೌರಿಬಿದನೂರು ತಾಲ್ಲೂಕಿನ ಊರು. ಮೊದಲು ಕೋಲಾರ ಜಿಲ್ಲೆಗೂ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿದ್ದು. ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಲಂಡನ್ನಿನ ವಾದ್ಯವೃಂದದ ಮಾತೆತ್ತುವಾಗ ಯಾರಿಗಾದರೂ ಸಂಕೋಚವಾದೀತು. ಇದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜದ ಸಲುವಾಗಿ ಸೇರಿದ್ದ ಜನರ ಮೇಲೆ ಮೈಸೂರು ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಅದು ನಾಲ್ವಡಿಯವರ ಆಳ್ವಿಕೆಯ ಕಾಲ. ಆದರೆ ಜಯಚಾಮರಾಜೇಂದ್ರರ ಕಾಲದಲ್ಲೂ ಜವಾಬ್ದಾರಿ ಸರ್ಕಾರ ತಾನಾಗಿ ಬರಲಿಲ್ಲ. 1947ರ ಮೈಸೂರು ಚಲೋ ಚಳವಳಿಯಲ್ಲಿ ಜನ ಬೀದಿಗಿಳಿದು, ಸೆರೆಮನೆಗಳನ್ನು ತುಂಬಿದ ಮೇಲೆಯೇ ಅರಮನೆ ಮಣಿಯಿತು. ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. ಒಡೆಯರ್ ಅವರ ಸಂಗೀತ ಪ್ರೇಮವನ್ನು ಮೆಚ್ಚುವವರು ಈ ಅಧ್ಯಾಯವನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಅದೇ ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನೂ ಓದಬೇಕು. ಅಧಿಕಾರ ಬಿಟ್ಟುಕೊಟ್ಟ ಬಳಿಕ ಅವರು ಹೊಸ ವ್ಯವಸ್ಥೆಗೆ ಅಡ್ಡಿಯಾಗಲಿಲ್ಲ. 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ ಮೈಸೂರಿನ ರಾಜಪ್ರಮುಖರಾಗಿದ್ದರು. ಕರ್ನಾಟಕದ ಏಕೀಕರಣವೆಂದರೆ ಆ ಪದವಿಯ ಅಂತ್ಯವೆಂದು ತಿಳಿದಿದ್ದರೂ ಏಕೀಕರಣವನ್ನು ಬೆಂಬಲಿಸಿದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. ಬಳಿಕ ಮದರಾಸಿನ ರಾಜ್ಯಪಾಲರಾಗಿಯೂ ಕೆಲಸ ಮಾಡಿದರು. ಮೈಸೂರಿನ ಆಹಾರ ಸಂಶೋಧನಾಲಯಕ್ಕೆ ಚೆಲುವಾಂಬ ಮಹಲನ್ನು ಬಿಟ್ಟುಕೊಟ್ಟರು. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದವೂ ಪುರಾಣಗಳೂ ಕನ್ನಡ ಅನುವಾದದೊಡನೆ ಸಾಮಾನ್ಯ ಓದುಗನ ಕೈಗೆ ಬಂದವು. ಸಂಸ್ಕೃತ ಬಲ್ಲವರ ಸ್ವತ್ತಾಗಿದ್ದುದನ್ನು ಕನ್ನಡ ಬಲ್ಲವರಿಗೆ ಹಂಚುವುದು, ಸಭಾಂಗಣದಲ್ಲಿದ್ದವರ ಸ್ವತ್ತಾಗಿದ್ದ ಸಂಗೀತವನ್ನು ಮುದ್ರಿಸಿ ಉಳಿಸುವುದು, ಈ ಎರಡೂ ಒಂದೇ ಮನೋಧರ್ಮದ ಕೆಲಸಗಳು.

ತಮ್ಮ ನೆಲದ ಸಂಗೀತವನ್ನು ಅವರು ಕಡೆಗಣಿಸಿದರೆಂಬ ಮಾತಿಗೂ ಆಧಾರವಿಲ್ಲ. ಪಟ್ಟಕ್ಕೆ ಬಂದ ಮೇಲೆ ಮೈಸೂರು ವಾಸುದೇವಾಚಾರ್ಯರಂಥ ಹಿರಿಯರ ಒಡನಾಟದಲ್ಲಿ ಕರ್ನಾಟಕ ಸಂಗೀತಕ್ಕೆ ತಿರುಗಿದರು. ವೈಣಿಕ ವೆಂಕಟಗಿರಿಯಪ್ಪನವರಿಂದ ವೀಣೆ ಕಲಿತರು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯೋಪಾಸನೆಯ ಮಾರ್ಗ ಪಡೆದರು. ಆ ಉಪಾಸನೆಯ ಫಲವಾಗಿ 94 ಕೃತಿಗಳು ಹುಟ್ಟಿದವು. ಅಪರೂಪದ ರಾಗಗಳ ಕಡೆಗೆ ಅವರ ಒಲವು. ಗಂಭೀರನಾಟದ ಶ್ರೀ ಜಾಲಂಧರ ಕೃತಿಯನ್ನು ಇಂದಿನ ಯುವ ಕಲಾವಿದರೂ ವೇದಿಕೆಯಲ್ಲಿ ಹಾಡುತ್ತಾರೆ.

ಮತ್ತೆ ಲಂಡನ್ನಿನ ಆ ಧ್ವನಿಮುದ್ರಣಕ್ಕೆ ಬರೋಣ. ಅದು ಅಸಿಟೇಟ್ ತಟ್ಟೆಗಳ ಮೇಲೆ ಆದದ್ದು. ಲೋಹದ ತಟ್ಟೆಗೆ ಮೆದುವಾದ ಅರಗಿನಂಥ ಲೇಪ ಬಳಿದು, ಹಾಡು ನಡೆಯುತ್ತಿದ್ದಂತೆಯೇ ಅದರ ಮೇಲೆ ಗೆರೆ ಕೊರೆಯುವ ವಿಧಾನ ಅದು. ಸ್ಟುಡಿಯೋದಲ್ಲಾದರೆ ತಪ್ಪಿದ್ದನ್ನು ಮತ್ತೆ ಹಾಡಬಹುದು. ಕಛೇರಿಯಲ್ಲಿ ಆ ಅವಕಾಶವಿಲ್ಲ. ಕೆಮ್ಮು, ಕುರ್ಚಿಯ ಸದ್ದು, ಗಾಯಕಿಯ ಆಯಾಸ ಎಲ್ಲವೂ ದಾಖಲಾಗುತ್ತವೆ. ಆದರೂ ಸಭಿಕರ ಎದುರಿನ ಗಾಯನಕ್ಕೆ ಇರುವ ಜೀವ ಸ್ಟುಡಿಯೋದಲ್ಲಿ ಸಿಗುವುದು ಕಷ್ಟ. ಇದು ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಇಂಗ್ಲೆಂಡಿನ ದಿ ಹೂ ಎಂಬ ರಾಕ್ ತಂಡ 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಭೋಜನಶಾಲೆಯಲ್ಲಿ ನುಡಿಸಿದ್ದರ ಮುದ್ರಣವನ್ನು ಯುವಜನರು ಇಂದಿಗೂ ಹುಡುಕಿಕೊಂಡು ಕೇಳುತ್ತಾರೆ. ನಮ್ಮ ಪಿಟೀಲು ಚೌಡಯ್ಯನವರು 1967ರಲ್ಲಿ ಅಗಲಿದರು. ಅವರ ಏಳು ತಂತಿಗಳ ನಾದವನ್ನು ಇಂದಿನವರು ಅರಿಯುವುದು ಉಳಿದಿರುವ ಕಛೇರಿ ಮುದ್ರಣಗಳ ಮೂಲಕವೇ.

ಅಸಿಟೇಟ್ ತಟ್ಟೆಗೆ ಒಂದು ದೌರ್ಬಲ್ಯವಿದೆ. ಪ್ರತಿ ಸಲ ನುಡಿಸಿದಾಗಲೂ ಸೂಜಿ ಆ ಮೆದು ಗೆರೆಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಕೇಳಿದಷ್ಟೂ ಸವೆಯುತ್ತದೆ. ಸ್ಟ್ರೌಸ್ ಗೀತೆಗಳ ತಟ್ಟೆಗಳೂ ಹಾಗೆಯೇ ಬಹಳ ಸವೆದಿದ್ದವು. ಮೊದಲು ಎಲ್‌ಪಿ ರೂಪದಲ್ಲಿ ಹೊರಬಂದದ್ದು ಕಿವಿಗೆ ಅಷ್ಟೇನೂ ಹಿತವಾಗಿರಲಿಲ್ಲ. ಮುಂದೆ ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ತಜ್ಞರು ಶ್ರಮವಹಿಸಿ ಅದನ್ನು ಶುದ್ಧಗೊಳಿಸಿದರು. ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎಂಬ ಪರಿಕಲ್ಪನೆಯಿದೆ: ಒಬ್ಬರು ಅನುಭವಿಸಿದರೆ ಇನ್ನೊಬ್ಬರ ಪಾಲು ಕಡಿಮೆಯಾಗದಂಥದ್ದು. ಸಂಗೀತ ಸ್ವಭಾವತಃ ಅಂಥ ಸರಕು. ಆದರೆ ಅದನ್ನು ಹೊತ್ತಿರುವ ತಟ್ಟೆ, ಟೇಪು ಹಾಗಲ್ಲ. ಅವು ಸವೆಯುತ್ತವೆ, ಬೂಷ್ಟು ಹಿಡಿಯುತ್ತವೆ, ಕಳೆದುಹೋಗುತ್ತವೆ. ಆದ್ದರಿಂದ ಸಂಗೀತವನ್ನು ಮುದ್ರಿಸಲು ಎಷ್ಟು ಔದಾರ್ಯ ಬೇಕೋ ಕಾಪಾಡಲು ಅಷ್ಟೇ ಶಿಸ್ತು ಬೇಕು.

ಒಡೆಯರ್ ಅವರ ಪೋಷಣೆಯಲ್ಲಿ ನನಗೆ ಕಾಣುವ ಗುಣಗಳು ಮೂರು. ಮೊದಲನೆಯದಾಗಿ, ಸ್ಟ್ರೌಸ್ ಗೀತೆಗಳಿಗೆ ಅವರು ಒದಗಿಸಿದ್ದು ಜಾಮೀನು. ಕಲಾವಿದರನ್ನೂ ಸಂಘಟಕರನ್ನೂ ನಷ್ಟದ ಭಯದಿಂದ ಬಿಡಿಸುವ ಭರವಸೆ. ಎರಡನೆಯದಾಗಿ, ಮಾರುಕಟ್ಟೆ ಕೈಬಿಟ್ಟದ್ದನ್ನು ಆರಿಸಿಕೊಂಡರು. ಮೆಟ್ನರ್ ಅವರಿಗೆ ಕೊಟ್ಟ ನೆರವಿನಿಂದ ಜನಪ್ರಿಯತೆಯೇನೂ ದೊರೆಯುವಂತಿರಲಿಲ್ಲ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಅವರ ಹಣದ ಬೆನ್ನಿಗೆ ಒಂದು ದಾಖಲೆ ಉಳಿಯುತ್ತಿತ್ತು.

ಈಗ ನಮ್ಮ ಪದ್ಧತಿಯನ್ನು ನೋಡೋಣ. ದಸರಾ, ಹಂಪಿ ಉತ್ಸವ, ಜಿಲ್ಲಾ ಉತ್ಸವಗಳು, ಜಯಂತಿಗಳು ಎಂದು ಸರ್ಕಾರವೂ ಅಕಾಡೆಮಿಗಳೂ ಪ್ರತಿವರ್ಷ ನೂರಾರು ಕಾರ್ಯಕ್ರಮಗಳಿಗೆ ಅನುದಾನ ನೀಡುತ್ತವೆ. ಆಡಳಿತದ ಅನುಭವವುಳ್ಳ ಯಾರೂ ಬಲ್ಲಂತೆ, ಅನುದಾನದ ಕಡತದಲ್ಲಿ ಶಾಮಿಯಾನ, ವಿದ್ಯುದ್ದೀಪ, ಹಾರ ತುರಾಯಿ, ಊಟೋಪಚಾರ ಎಲ್ಲದಕ್ಕೂ ರಸೀದಿ ಇರುತ್ತದೆ. ಹಣ ಬಳಕೆಯ ಪ್ರಮಾಣಪತ್ರವೂ ಇರುತ್ತದೆ. ಆದರೆ ಆ ಸಂಜೆ ಏನನ್ನು ಹಾಡಿದರು, ಯಾರು ಹಾಡಿದರು, ಅದರ ಪ್ರತಿ ಎಲ್ಲಿದೆ ಎಂಬ ಕಲಮಿಗೆ ಆ ಕಡತದಲ್ಲಿ ಎಷ್ಟು ಜಾಗವಿದೆ? ಆಕಾಶವಾಣಿ 2003ರಿಂದ ತನ್ನ ಭಂಡಾರದ ಆಯ್ದ ಮುದ್ರಣಗಳನ್ನು ಸಿ.ಡಿ. ರೂಪದಲ್ಲಿ ಹೊರತಂದಾಗ ರಸಿಕರು ಎಷ್ಟು ಸಂತೋಷಪಟ್ಟರೆಂಬುದು ನೆನಪಿದೆ. ಅಂಥ ಭಂಡಾರ ಇತ್ತು ಎಂಬುದರಿಂದಲೇ ಅದು ಸಾಧ್ಯವಾಯಿತು.

ಪ್ರಶ್ನೆ ದೊಡ್ಡ ವಿದ್ವಾಂಸರದು ಮಾತ್ರವಲ್ಲ. ಆಂಧ್ರದ ಗಡಿಗೆ ಹತ್ತಿರವಿರುವ ನಮ್ಮ ಈ ಭಾಗದ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ಬೆರೆತ ಭಜನೆಯ ಸಂಪ್ರದಾಯವಿದೆ. ಕೈವಾರದ ನಾರಾಯಣ ತಾತಯ್ಯನವರ ಪದಗಳನ್ನೂ ತತ್ತ್ವಪದಗಳನ್ನೂ ಬಾಯಿಪಾಠವಾಗಿ ಹಾಡುವ ಹಿರಿಯರಿದ್ದಾರೆ. ಪದಗಳು ಪುಸ್ತಕದಲ್ಲಿ ಉಳಿದಾವು. ಎಲ್ಲಿ ಉಸಿರೆಳೆಯಬೇಕು, ಯಾವ ಸಾಲನ್ನು ಎತ್ತರಿಸಿ ಹಾಡಬೇಕು, ತಾಳ ಎಲ್ಲಿ ಚುರುಕಾಗಬೇಕು ಎಂಬುದು ಪುಸ್ತಕಕ್ಕೆ ಹತ್ತುವುದಿಲ್ಲ. ಅದು ಹಾಡುವವರೊಡನೆಯೇ ಹೋಗುತ್ತದೆ.

1950ರಲ್ಲಿ ಒಂದು ಕಛೇರಿಯನ್ನು ಮುದ್ರಿಸಲು ದುಬಾರಿ ಯಂತ್ರ, ನುರಿತ ತಂತ್ರಜ್ಞರು, ಒಬ್ಬ ಮಹಾರಾಜರ ನೆರವು ಬೇಕಾಯಿತು. ಇಂದು ಮುದ್ರಿಸುವ ಸಾಧನ ಎಲ್ಲರ ಜೇಬಿನಲ್ಲಿದೆ. ಕೊರತೆ ಇರುವುದು ವ್ಯವಸ್ಥೆಯಲ್ಲಿ. ಅನುದಾನದ ಆದೇಶಗಳಿಗೆ ಒಂದು ಷರತ್ತು ಸೇರಿಸುವುದರಿಂದ ಬೊಕ್ಕಸಕ್ಕೆ ಹೇಳಿಕೊಳ್ಳುವಂಥ ಹೊರೆಯಾಗುವುದಿಲ್ಲ: ಕಾರ್ಯಕ್ರಮವನ್ನು ಕಲಾವಿದರ ಒಪ್ಪಿಗೆಯೊಡನೆ ಮುದ್ರಿಸಬೇಕು, ಹೆಸರು, ದಿನಾಂಕ, ಸ್ಥಳ, ಹಾಡಿದ್ದರ ವಿವರ ಬರೆದಿಡಬೇಕು, ಒಂದು ಪ್ರತಿಯನ್ನು ಜಿಲ್ಲಾ ಗ್ರಂಥಾಲಯಕ್ಕೂ ಇನ್ನೊಂದನ್ನು ರಾಜ್ಯಮಟ್ಟದ ಭಂಡಾರಕ್ಕೂ ಒಪ್ಪಿಸಬೇಕು, ಮುಂದೆ ಅದರಿಂದ ಆದಾಯ ಬಂದರೆ ಕಲಾವಿದರಿಗೆ ಪಾಲು ಸಿಗಬೇಕು. ಅನುದಾನದ ಕೊನೆಯ ಕಂತನ್ನು ಪ್ರತಿ ತಲುಪಿದ ಮೇಲೆ ಬಿಡುಗಡೆ ಮಾಡಿದರೆ ಷರತ್ತು ಕಾಗದದಲ್ಲಿಯೇ ಉಳಿಯುವುದಿಲ್ಲ.

1971ರ ಡಿಸೆಂಬರ್‌ನಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯೊಂದಿಗೆ ರಾಜಧನವೂ ಅರಸು ಪದವಿಗಳ ಮಾನ್ಯತೆಯೂ ರದ್ದಾದವು. ಪ್ರಜಾಪ್ರಭುತ್ವದಲ್ಲಿ ಅದು ಆಗಬೇಕಾದದ್ದೇ. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ, ಒಡೆಯರ್ ಅವರು ಬೆಂಗಳೂರಿನಲ್ಲಿ ನಿಧನರಾದರು. ಸಂಸ್ಥಾನದ ಆದಾಯದ ಮೇಲೆ ಅರಸರಿಗಿದ್ದ ಹಕ್ಕನ್ನು ಜನರ ಪರವಾಗಿ ಸರ್ಕಾರ ಪಡೆಯಿತು. ಹಕ್ಕಿನೊಡನೆ ಪೋಷಕನ ಕರ್ತವ್ಯವೂ ಸರ್ಕಾರಕ್ಕೇ ಬಂತು. ಅರಸರಾಗಿದ್ದ ಒಬ್ಬರು ತಾವು ಹೋಗಲಾಗದ ಕಛೇರಿಯೊಂದರ ಪ್ರತಿಗೆ ಒತ್ತಾಯಿಸಿದ್ದರಿಂದ ಆ ಗಾಯನ ಜಗತ್ತಿಗೆ ಉಳಿಯಿತು. ನಮ್ಮ ತೆರಿಗೆಯ ಹಣದಿಂದ ನಡೆಯುವ ಕಛೇರಿಗಳ ಪ್ರತಿಯನ್ನು ಕೇಳುವ ಹಕ್ಕು ಈಗ ನಮ್ಮೆಲ್ಲರದು. ಅದನ್ನು ಕೇಳಿ ಪಡೆಯುವ ಅಭ್ಯಾಸವನ್ನು ಇನ್ನಾದರೂ ಬೆಳೆಸಿಕೊಳ್ಳಬೇಕು.